ಹತ್ತನೆಯ ಪೆಟ್ಟು

ನನ್ನ ಹೆಸರು ಮೌನೇಶ. ಹುಟ್ಟಿದಾಗಿನಿಂದ ಕಬ್ಬಿಣ ಬಡಿದುಕೊಂಡೇ ಬದುಕಿದವನಿಗೆ ಇಂಥ ಹೆಸರಿಟ್ಟು ಹೋದ ನಮ್ಮಪ್ಪನನ್ನು ನೆನೆದು ಊರಿನವರು ಈಗಲೂ ನಗುತ್ತಾರೆ. ನಗಲಿ. ನಾನು ಹೇಳಹೊರಟಿರುವುದು ನಗುವ ವಿಷಯವಲ್ಲ, ಆದರೂ ನಡುವೆ ನಗು ಬಂದರೆ ತಡೆದುಕೊಳ್ಳಬೇಡಿ. ಆಗ ನನಗೂ ಬಂದಿತ್ತು.

ನಮ್ಮ ಊರಿನ ಹಗಲು ಬಡಿತದ ಮೇಲೆ ನಡೆಯುತ್ತದೆ. ಬಡಿತ ನಿಂತರೆ ಸೂರ್ಯನೂ ನಿಲ್ಲುತ್ತಾನೆ. ಬಟ್ಟೆಯ ಗಿರಣಿ ನಡೆಯುತ್ತಿದ್ದಷ್ಟು ಕಾಲ ಈ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ನಾಲ್ಕುನೂರು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು, ಸೂರ್ಯ ತನ್ನ ಪಾಡಿಗೆ ತಾನು ಹೋಗುತ್ತಿದ್ದ. ಗಿರಣಿಗೆ ಬೀಗ ಬಿದ್ದ ದಿನ ಅವನು ಕುಂಬಾರ ಓಣಿಯ ಹುಣಸೆಮರದ ಮೇಲೆ ನಿಂತವನು ಅಲ್ಲೇ ನಿಂತ. ಜನ ಎರಡು ಸಲ ಉಂಡರು, ಒಂದು ನಿದ್ದೆ ತೆಗೆದರು, ಎದ್ದು ನೋಡಿದರೆ ಅದೇ ನೆರಳು ಅದೇ ಕಟ್ಟೆಯ ಮೇಲೆ. ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆ ಕಪ್ಪಾಯಿತು. ಸಂಜೆಯ ಗಂಟೆ ಬಾರಿಸಲು ಸಂಜೆಯೇ ಇಲ್ಲವೆಂದು ಮಾಸ್ತರರು ಶಾಲೆ ಬಿಡಲಿಲ್ಲ, ಮಕ್ಕಳು ಬೆಂಚಿನ ಮೇಲೆ ತಲೆಯಿಟ್ಟು ಅಳತೊಡಗಿದವು.

ಆಗ ಅಡಿವೆಪ್ಪ ಗಿರಣಿಯ ಅಂಗಳಕ್ಕೆ ನುಗ್ಗಿದ. ಗಿರಣಿಯಲ್ಲಿ ಅವನು ಫಿಟ್ಟರ್, ನನಗಿಂತ ಆರು ವರ್ಷ ದೊಡ್ಡವನು, ನನಗೆ ಕೆಲಸ ಕಲಿಸಿದವನು. ಅಂಗಳದ ನಡುವೆ ಹಳೆಯ ಬಾಯ್ಲರ್ ಇತ್ತು. ಎರಡಾಳು ಎತ್ತರ, ಮೈತುಂಬ ತಗಡು ಬೆಸೆದ ರಿವೆಟ್ಟು ಮೊಳೆ. ಬೀಗ ಹಾಕಿದವರ ಮೇಲಿನ ಸಿಟ್ಟಿಗೆ ಸುತ್ತಿಗೆ ಎತ್ತಿ ಅದರ ಹೊಟ್ಟೆಗೆ ಬಡಿದ. ನೆರಳು ಒಂದು ಕಾಳಿನಷ್ಟು ಸರಿಯಿತು. ಮತ್ತೆ ಬಡಿದ, ಮತ್ತೆ ಸರಿಯಿತು.

"ಸೂರ್ಯಗ ಗಿರಣಿ ಬೇಕಾಗಿಲ್ಲೋ, ಗದ್ದಲ ಬೇಕಾಗೇತಿ," ಅಂದ. "ನಿಂತು ಏನ್ ನೋಡ್ತಿ? ಸುತ್ತಿಗಿ ತಗೋ."

ಹೀಗೆ ಹುಟ್ಟಿದ್ದು ನಮ್ಮ ಮೇಳ. ಜನ ಅದನ್ನು ಬಾಯ್ಲರ್ ಮೇಳ ಎಂದು ಕರೆದರು. ಆರು ಜನ ಇದ್ದೆವು, ಕಥೆಗೆ ಬೇಕಾದವರು ಮೂವರು: ಅಡಿವೆಪ್ಪ, ನಾನು, ಮತ್ತೆ ದಸ್ತಗೀರ. ದಸ್ತಗೀರ ಬಾಯ್ಲರಿನ ಮೇಲೆ ಸರಪಳಿ ಎಳೆಯುತ್ತಿದ್ದ, ರೈಲು ಕಂಬಿಯ ತುಂಡಿನ ಮೇಲೆ ಸಾಣೆ ಹಿಡಿಯುತ್ತಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಳಿಯ ಮೇಲೆ ಬಡಿಯುತ್ತಿದ್ದೆವು, ನಡುಮಧ್ಯಾಹ್ನ ಎಲ್ಲರೂ ಸೇರಿ. ಅಡಿವೆಪ್ಪ ಮಗ್ಗದ ಹಳೆಯ ಲಯವನ್ನು ಕೂದಲೆಳೆಯಷ್ಟೂ ಬಿಟ್ಟುಕೊಡಲಿಲ್ಲ. ಹಾಗಾಗಿ ನಮ್ಮ ಹಗಲು ಬೇರೆ ಊರುಗಳ ಹಗಲಿನಷ್ಟೇ ಇರುತ್ತಿತ್ತು. ರಾತ್ರಿಗೆ ಯಾರೂ ಬಡಿಯಬೇಕಾಗಿರಲಿಲ್ಲ. ಹಗಲಿಗೆ ಕೊಟ್ಟ ಓಟದಲ್ಲೇ ರಾತ್ರಿಯೂ ಉರುಳಿ ಮುಗಿಯುತ್ತಿತ್ತು.

ಕೇಳಲು ಇಂಪಾಗಿತ್ತೆ ಎಂದರೆ, ಇಲ್ಲ. ಹೊಸಬರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಆದರೆ ಗಿರಣಿಯಲ್ಲಿ ದುಡಿದವರು ಮಧ್ಯಾಹ್ನವಾದರೆ ಅಂಗಳಕ್ಕೆ ಬಂದು ನಿಲ್ಲುತ್ತಿದ್ದರು. ನೂಲು ಸುತ್ತುವ ವಿಭಾಗದ ಹೆಂಗಸರ ಬೆರಳುಗಳು ತಾವಾಗಿ ಎಳೆ ಜೋಡಿಸಿದಂತೆ ಆಡುತ್ತಿದ್ದವು. ಯಾರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಕೇಳಿ, ಸೆರಗು ಕೊಡವಿಕೊಂಡು, ಮನೆಗೆ ಹೋಗುತ್ತಿದ್ದರು.

ಮಧ್ಯಾಹ್ನದ ಆ ಬಾರಿಸುವಿಕೆಯಲ್ಲಿ ಒಂದು ಬಿಡುವು ಇತ್ತು. ಒಂಬತ್ತು ಪೆಟ್ಟಿನಷ್ಟು ಹೊತ್ತು ಎಲ್ಲರೂ ಕೈ ನಿಲ್ಲಿಸುತ್ತಿದ್ದೆವು. ಸೂರ್ಯ ನಿಲ್ಲುತ್ತಿದ್ದ, ನೆರಳು ನಿಲ್ಲುತ್ತಿತ್ತು, ಊರಿನಲ್ಲಿ ಯಾರು ಎಲ್ಲಿದ್ದರೋ ಅಲ್ಲೇ ನಿಲ್ಲುತ್ತಿದ್ದರು. ಅದು ಯಂಕಪ್ಪನ ಬಿಡುವು. ಯಂಕಪ್ಪ ಹತ್ತಿ ಹಿಂಜುವ ಯಂತ್ರಕ್ಕೆ ಸಿಕ್ಕಿ ಸತ್ತ ದಿನ ಗಿರಣಿ ನಿಂತದ್ದು ಒಂಬತ್ತು ಪೆಟ್ಟಿನಷ್ಟು ಹೊತ್ತು ಮಾತ್ರ. ಅಡಿವೆಪ್ಪ ಮನಸ್ಸಿನಲ್ಲೇ ಎಣಿಸಿದ್ದನಂತೆ. ಆಮೇಲೆ ಮೇಸ್ತ್ರಿ ಬಂದು "ಬೆಲ್ಟ್ ಏರಸು" ಅಂದ. ರಿಪೇರಿ ಶೆಡ್ಡಿನಿಂದ ಓಡಿಬಂದು ಬೆಲ್ಟ್ ಏರಿಸಿ ಯಂತ್ರ ಮತ್ತೆ ತಿರುಗಿಸಿದವನು ನಾನೇ. ಹೇಳಿದರು, ಮಾಡಿದೆ. ಅದಕ್ಕೇ ಮೇಳದಲ್ಲಿ ಬಿಡುವಿನ ನಂತರದ ಹತ್ತನೆಯ ಪೆಟ್ಟು ನನಗೆ ಬಂತು. "ಅದು ನಿಂದ ಐತಿ, ನೀನ ಬಡಿಬೇಕು" ಎಂದಿದ್ದ ಅಡಿವೆಪ್ಪ. ಹದಿನೆಂಟು ವರ್ಷ ದಿನಕ್ಕೊಂದು ಸಲ ಆ ಪೆಟ್ಟು ಹಾಕಿದೆ, ಒಂದು ದಿನವೂ ಕೈ ಹಗುರಾಗಲಿಲ್ಲ.

ಅದೊಂದು ಬೇಸಿಗೆಯಲ್ಲಿ ಬಾಯ್ಲರ್ ಸೀಳಿತು. ಅಡಿವೆಪ್ಪ ಬಡಿಯುತ್ತಿದ್ದಂತೆಯೇ ರಿವೆಟ್ಟಿನ ಒಂದು ಸಾಲು ಬಿಟ್ಟುಕೊಂಡು ಒಡಕು ಗಡಿಗೆಯ ದನಿ ಬಂತು. ಅಂದಿನಿಂದ ಸೂರ್ಯ ಕುಂಟತೊಡಗಿದ. ಹತ್ತು ಹೆಜ್ಜೆ ನಡೆಯುತ್ತಿದ್ದ, ನಿಲ್ಲುತ್ತಿದ್ದ, ಮತ್ತೆ ಮೂರು ಹೆಜ್ಜೆ. ಎರಡು ದಿನ ಹೇಗೋ ತಳ್ಳಿದೆವು. ಮೂರನೆಯ ದಿನ ದಸ್ತಗೀರ ತನ್ನ ಅಳಿಯನ ಊರಿನಿಂದ ಒಂದು ಕೀಬೋರ್ಡನ್ನೂ ಎರಡು ಸ್ಪೀಕರ್ ಡಬ್ಬಗಳನ್ನೂ ತಂದ. ಅಳಿಯ ಮದುವೆ ಬ್ಯಾಂಡಿನವನು. ಗುಂಡಿ ಒತ್ತಿದರೆ ಬಡಿತ ತಾನಾಗಿ ಬರುತ್ತಿತ್ತು, ಕೈ ತೆಗೆದರೂ ನಿಲ್ಲುತ್ತಿರಲಿಲ್ಲ.

"ಬಾಯ್ಲರ್ ರಿಪೇರಿ ಆಗೂತನಾ ಅಷ್ಟ," ಎಂದ ದಸ್ತಗೀರ. ಅವನನ್ನು ದೂರಿ ಪ್ರಯೋಜನವಿಲ್ಲ. ಅವನ ಬಲಭುಜ ಮೇಲೆ ಏಳದೆ ಎರಡು ವರ್ಷವಾಗಿತ್ತು, ತಲೆ ಬಾಚಲೂ ಹೆಂಡತಿ ಬೇಕಾಗಿತ್ತು. ನನ್ನ ಮೊಣಕೈಯ ಸ್ಥಿತಿಯೂ ಅದೇ. ಮೊದಲ ದಿನ ಸುತ್ತಿಗೆ ಕೆಳಗಿಟ್ಟು ಕಲ್ಲಿನ ಮೇಲೆ ಕುಳಿತು ಸೂರ್ಯ ಸಲೀಸಾಗಿ ಸಾಗುವುದನ್ನು ನೋಡಿದಾಗ, ಸುಳ್ಳು ಯಾಕೆ ಹೇಳಲಿ, ನನಗೆ ಸುಖವಾಯಿತು.

ಆ ಬಡಿತಕ್ಕೆ ಜನ ಕುಣಿದರು. ಮೊದಲು ಕಾಲ್ಬೆರಳು, ಆಮೇಲೆ ಮೊಣಕಾಲು, ವಾರ ಕಳೆಯುವುದರೊಳಗೆ ಸೊಂಟ. ಹೂ ಮಾರುವವಳು ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ಕುಣಿಯುತ್ತಿದ್ದಳು. ಪೋಸ್ಟ್ ಮಾಸ್ತರರು ಯಾರೂ ನೋಡುತ್ತಿಲ್ಲ ಎಂದುಕೊಂಡು ಕುಣಿದರು, ಎಲ್ಲರೂ ನೋಡಿದರು.

"ನೋಡಲ್ಲಿ, ಮಂದಿ ನಗಾಕ ಹತ್ಯಾರ," ಎಂದ ದಸ್ತಗೀರ ಅಡಿವೆಪ್ಪನಿಗೆ. "ಹದಿನೆಂಟು ವರ್ಷದಾಗ ನಮ್ಮ ಮ್ಯಾಳ ಕೇಳಿ ಒಬ್ಬರರ ನಕ್ಕಿದ್ದು ನೋಡಿಯೇನಣ್ಣಾ?"

"ನಗಬ್ಯಾಡ್ರಿ ಅಂದವರು ಯಾರು? ಆದ್ರ ದಸ್ತಗೀರ, ಈ ಪೆಟ್ಟಿನ್ಯಾಗ ಯಾರ ಕೈಯೂ ಇಲ್ಲಲ್ಲೋ."

"ಕೈ ಇಲ್ಲದ್ದಕ್ಕ ಕೈನೋವೂ ಇಲ್ಲ," ಎಂದು ದಸ್ತಗೀರ ತನ್ನ ಭುಜ ಮುಟ್ಟಿ ತೋರಿಸಿದ.

ಕೆಟ್ಟದ್ದು ಯಂಕಪ್ಪನ ಬಿಡುವಿನಲ್ಲಿ. ಮೊದಲ ದಿನಗಳಲ್ಲಿ ದಸ್ತಗೀರ ಮರೆಯದೆ ಗುಂಡಿ ಒತ್ತಿ ನಿಲ್ಲಿಸುತ್ತಿದ್ದ. ಆದರೆ ಕುಣಿಯುವವರ ಕಾಲು ಅರ್ಧಕ್ಕೆ ನಿಂತು ತಪ್ಪುತ್ತಿತ್ತು, ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. "ಕರೆಂಟ್ ಹೋತೇನ್ರಿ?" ಎಂದು ಸಿಳ್ಳೆ ಹಾಕುತ್ತಿದ್ದರು. ಒಂದು ಮಧ್ಯಾಹ್ನ ದಸ್ತಗೀರ ನಿಲ್ಲಿಸುವ ಬದಲು ಬೇರೊಂದು ಗುಂಡಿ ಒತ್ತಿದ. ಒಂಬತ್ತು ಪೆಟ್ಟಿನ ಆ ಜಾಗದಲ್ಲಿ ಚಪ್ಪಾಳೆಯ ಸದ್ದು ಬಂತು. ನೂರು ಜನ ಒಟ್ಟಿಗೆ ತಟ್ಟಿದಂಥ ಚಪ್ಪಾಳೆ, ಒಬ್ಬ ಮನುಷ್ಯನೂ ಇಲ್ಲದ ಚಪ್ಪಾಳೆ. ಜನ ಹೋ ಎಂದು ಕೂಗಿದರು. ಹತ್ತನೆಯ ಪೆಟ್ಟಿಗೆ ಅಭ್ಯಾಸದಿಂದ ಎದ್ದು ನಿಂತಿದ್ದ ನಾನು ಹಾಗೇ ಕುಳಿತುಕೊಂಡೆ.

ಅಡಿವೆಪ್ಪ ಅವತ್ತೇ ಸಂಜೆ ಚೀಲ ಹೆಗಲಿಗೇರಿಸಿಕೊಂಡು ನಮ್ಮ ಮನೆಗೆ ಬಂದ. ನನ್ನ ಹೆಂಡತಿ ನೀಲವ್ವ ಹಿಂಬಾಗಿಲಲ್ಲಿ ಮಾವಿನಕಾಯಿ ಹೋಳು ಮಾಡಿ ಭರಣಿಗೆ ತುಂಬುತ್ತಿದ್ದಳು.

"ಆ ಬಾಯ್ಲರಿಗೆ ರಿವೆಟ್ ಹಾಕಿದ ಮನಿತನದವರು ಇನ್ನೂ ಅದಾರಂತ. ಹುಡುಕ್ಕೊಂಡು ಹೋಗ್ತೀನಿ," ಅಂದ. "ಅವರನ್ನ ಕರ್ಕೊಂಡರ ಬರ್ತೀನಿ, ಇಲ್ಲಾ ಕೆಲಸ ಕಲ್ತರ ಬರ್ತೀನಿ. ನಲವತ್ತು ದಿನ. ಅಲ್ಲೀತನಾ ಬಾಯ್ಲರ್ ಮುಟ್ಟಾಕ ಯಾರಿಗೂ ಬಿಡಬ್ಯಾಡ, ಮೌನ್ಯಾ. ಅಂಗಳದ ಕೀಲಿ ನಿನ್ನ ಹತ್ರ ಇರಲಿ."

"ನಲವತ್ತು ದಿನದಾಗ ಬರಲಿಲ್ಲಂದ್ರ?"

"ನಲವತ್ತೊಂದನೇ ದಿನ ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ. ನಾ ಮಾತು ತಪ್ಪಿದಂಗ."

ನೀಲವ್ವ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತ ನಕ್ಕಳು. "ಇದಕ್ಕೂ ನಲವತ್ತು ದಿನಾರೀ ಅಣ್ಣಾರ. ನೀವು ಬರೂದೂ ಇದು ಕಳಿಯೂದೂ ಸರಿ ಆಗತೈತಿ. ಮೊದಲನೇ ಹೋಳು ನಿಮಗ." ಅಡಿವೆಪ್ಪ ಸಂಜೆಯ ಬಸ್ಸು ಹತ್ತಿ ಹೋದ. ಅವನು ಮಾತು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅಂಗಳದ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಮಾರನೆಯ ಬೆಳಿಗ್ಗೆ ಮೊದಲ ಗೆರೆ ಎಳೆದೆ.

ಅವನು ಹೋದದ್ದೇ ತಡ, ದಸ್ತಗೀರ ಕೀಬೋರ್ಡಿನಲ್ಲಿ ಒಂದು ತಿರುಗುಗುಂಡಿ ಕಂಡುಹಿಡಿದ. ಅದನ್ನು ಬಲಕ್ಕೆ ತಿರುಗಿಸಿದರೆ ಬಡಿತ ಚುರುಕಾಗುತ್ತಿತ್ತು. ಜನ ಇನ್ನೂ ಇನ್ನೂ ಎಂದರು, ಅವನು ತಿರುಗಿಸಿದ. ಸೂರ್ಯ ಬಾವಿಗೆ ಬಿಟ್ಟ ಕೊಡದಂತೆ ಇಳಿಯತೊಡಗಿದ. ಎದ್ದು ಮುಖ ತೊಳೆಯುವುದರೊಳಗೆ ಬಿಸಿಲೇರಿರುತ್ತಿತ್ತು, ಒಂದು ಊಟ ಮುಗಿಯುವುದರೊಳಗೆ ದೀಪ ಹಚ್ಚುವ ಹೊತ್ತು. ರಾತ್ರಿಯೂ ಅದೇ ಓಟದಲ್ಲಿ ಓಡಿ ಬೆಳಕಾಗುತ್ತಿತ್ತು.

ಜನ ಹೊಂದಿಕೊಂಡರು. ದಿನಕ್ಕೊಂದೇ ಊಟ ಸಾಕಾಯಿತು. ಶಾಲೆಯಲ್ಲಿ ಒಂದು ದಿನ ಮಗ್ಗಿ, ಒಂದು ದಿನ ಪದ್ಯ. ಕೋಳಿಗಳು ಮೂರು ದಿನಕ್ಕೊಂದು ಮೊಟ್ಟೆ ಇಡತೊಡಗಿದವು, ಮೇವು ಸರಿಯಿಲ್ಲ ಎಂದು ಹೆಂಗಸರು ಅಂಗಡಿಯವನ ಜೊತೆ ಜಗಳವಾಡಿದರು. ಗಂಡಸರ ಗಡ್ಡ ನಿಧಾನವಾಗಿ ಬೆಳೆಯತೊಡಗಿತು, ಕುಣಿದು ಕುಣಿದು ವಯಸ್ಸೇ ಇಳಿದಿದೆ ಎಂದು ಎಲ್ಲರೂ ನಂಬಿದರು. ಕ್ಷೌರದ ಅಂಗಡಿಯವನು ಮಾತ್ರ ನಂಬಲಿಲ್ಲ. ದಿನಕ್ಕೊಮ್ಮೆ ಬರುತ್ತಿದ್ದ ಬಸ್ಸು ಮೂರು ದಿನಕ್ಕೊಮ್ಮೆ ಬರತೊಡಗಿದಾಗ ಊರಿನವರೆಲ್ಲ ಸೇರಿ ಅರ್ಜಿ ಬರೆದರು. "ನಾವು ದಿನಾ ಬರ್ತೀವ್ರೀ!" ಎಂದು ಕಂಡಕ್ಟರ್ ದೇವರಾಣೆ ಹಾಕಿದ. ಹಗಲು ಹೊತ್ತೇ ಕುಡಿಯುತ್ತಾನೆ, ಪಾಪ, ಎಂದುಕೊಂಡೆವು. ಅರ್ಜಿಗೆ ನಾನೂ ಸಹಿ ಹಾಕಿದ್ದೆ.

ಕೈ ಕೆಸರಾಗದೆ ಬಾಯಿ ಮೊಸರಾಗುವ ಕಾಲ ಬಂತು ಎಂದು ಹಿಗ್ಗಿದವರು ನಾವು. ಮೊಸರೇ ಹೆಪ್ಪುಗಟ್ಟುತ್ತಿರಲಿಲ್ಲ. ಸಂಜೆ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಹಾಲಾಗಿಯೇ ಇರುತ್ತಿತ್ತು. ಎಲ್ಲರಿಗೂ ಹಗಲು ಗಿಡ್ಡವಾಗಿದೆ ಎಂದು ಗೊತ್ತಿತ್ತು, ಕಣ್ಣಿಗೆ ಕಾಣುವುದನ್ನು ಯಾರು ಅಲ್ಲಗಳೆಯುತ್ತಾರೆ? ಆದರೆ ಗಿಡ್ಡವಾದರೂ ದಿನ ದಿನವೇ. ಸೂರ್ಯ ಹುಟ್ಟಿದ, ಸೂರ್ಯ ಮುಳುಗಿದ, ಒಂದಾಯಿತು. ನಾನು ದಿನವೂ ಪ್ರಾಮಾಣಿಕವಾಗಿ ಗೋಡೆಗೆ ಒಂದು ಗೆರೆ ಎಳೆದೆ.

ಬಾಯ್ಲರ್ ಅಂಗಳದ ನಡುವೆಯೇ ಇತ್ತು. ಕುಣಿಯುವವರಿಗೆ ಅದು ಅಡ್ಡ. ಒಬ್ಬರ ಹಣೆ ತಾಗಿತು, ಇನ್ನೊಬ್ಬಳ ಸೀರೆ ರಿವೆಟ್ಟಿಗೆ ಸಿಕ್ಕಿ ಹರಿಯಿತು. ದಸ್ತಗೀರ ಒಮ್ಮೆ ಕೇಳಿದ: "ಮೌನ್ಯಾ, ಇದನ್ನ ಕೊಯ್ದು ಹಾಸಿದ್ರ ಛಲೋ ನೆಲ ಆಗತೈತಿ. ಮಣ್ಣಿನ್ಯಾಗ ಮಂದಿ ಜಾರತಾರ. ಗ್ಯಾಸ್ ಕಟಿಂಗ್ ನಿನಗಷ್ಟ ಬರತೈತಿ." ನಲವತ್ತು ದಿನ ಆಗಲಿ ಎಂದೆ. ಅವನು ಒತ್ತಾಯಿಸಲಿಲ್ಲ. ಅವನಿಗೂ ಅಡಿವೆಪ್ಪ ಅಣ್ಣನೇ.

ನಲವತ್ತನೆಯ ಗೆರೆ ಎಳೆದ ದಿನ ಬೆಳಿಗ್ಗೆಯಿಂದ ಬಸ್ ಸ್ಟ್ಯಾಂಡಿನಲ್ಲಿ ಕುಳಿತೆ. ಅಂದು ಬಸ್ಸೇ ಬರಲಿಲ್ಲ. ನಲವತ್ತೊಂದನೆಯ ದಿನ ಬಸ್ಸು ಬಂತು. ಒಂದು ಮುದುಕಿ ಇಳಿದಳು, ಎರಡು ಕುರಿ ಇಳಿದವು. ಅಡಿವೆಪ್ಪ ಇರಲಿಲ್ಲ.

ಅಂಗಳಕ್ಕೆ ಹೋದಾಗ ಯಂಕಪ್ಪನ ಹೆಂಡತಿ ದುರಗವ್ವ ಬಾಯ್ಲರಿನ ನೆರಳಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದಳು. ಹದಿನೆಂಟು ವರ್ಷ ಪ್ರತಿ ಮಧ್ಯಾಹ್ನ ಅಂಗಳದ ಬೇವಿನ ಮರದ ಕೆಳಗೆ ನಿಂತು ಆ ಬಿಡುವನ್ನು ಕೇಳಿಸಿಕೊಂಡವಳು. ಈಗ ಕುಣಿದು ಬೆವರಿದ್ದಳು.

"ನೀವೂ ಕುಣೀತೀರೇನವ್ವಾ?" ಎಂದೆ. ದನಿಯಲ್ಲಿ ಕೊಂಕು ಇತ್ತು, ಒಪ್ಪಿಕೊಳ್ಳುತ್ತೇನೆ.

ಅವಳು ಸಿಟ್ಟಾಗಲಿಲ್ಲ. "ಎಷ್ಟಂತ ನಿಂದರಲೋ ತಮ್ಮಾ? ನೀವು ದಿನಾ ಮಧ್ಯಾಹ್ನ ನನ್ನ ಗಂಡನ್ನ ಒಮ್ಮಿ ಸಾಯಸ್ತಿದ್ರಿ. ನಾ ಬಂದು ನೋಡ್ತಿದ್ನಿ. ಬರಲಿಲ್ಲಂದ್ರ ಮಂದಿ ಏನಂದಾರು ಅಂತ ಬರ್ತಿದ್ನಿ. ಈಗ ಕಾಲಿಗೆ ಹಗುರ ಆಗೇತಿ."

ಈ ಮಾತು ನನ್ನನ್ನು ಹಿಡಿದು ಅಲ್ಲಾಡಿಸಿತು. ನಾವು ಅವಳಿಗಾಗಿ ಬಡಿಯುತ್ತಿದ್ದೇವೆ ಎಂದುಕೊಂಡಿದ್ದೆವು. ಒಮ್ಮೆಯಾದರೂ ಅವಳನ್ನು ಕೇಳಿದ್ದೆವೆ? ಮನೆಗೆ ಬಂದು ನೀಲವ್ವನಿಗೆ ಹೇಳಿದೆ: "ಅಡಿವೆಪ್ಪಣ್ಣ ಮಾತು ತಪ್ಪಿದ. ನಲವತ್ತೊಂದು ಆತು. ನಾಳೆ ಬಾಯ್ಲರ್ ಕೊಯ್ತೀನಿ."

ಅವಳು ಒಳಗೆ ಹೋಗಿ ಭರಣಿಯ ಬಟ್ಟೆಯ ಅಂಚು ಸರಿಸಿ ಮೂಸಿ ನೋಡಿ ಬಂದಳು. "ರೀ, ಉಪ್ಪಿನಕಾಯಿ ಇನ್ನೂ ಹಸಿ ವಾಸನಿ ಬರ್ತೈತಿ. ಹೋಳು ಕಲ್ಲಿನಂಗ ಅದಾವು. ಹೆಂಗ ಆದಾವು ನಲವತ್ತು ದಿನ?"

"ನೀ ಉಪ್ಪು ಕಮ್ಮಿ ಹಾಕಿರಬೇಕು," ಎಂದೆ.

ಮೂವತ್ತು ವರ್ಷ ಉಪ್ಪಿನಕಾಯಿ ಹಾಕಿದವಳಿಗೆ ನಾನು ಹೇಳಿದ ಮಾತು ಇದು. ಅವಳು ಭರಣಿಗೆ ಮತ್ತೆ ಬಟ್ಟೆ ಬಿಗಿದು ಕಟ್ಟಿದಳು, ನನ್ನ ಜೊತೆ ಮಾತು ಬಿಟ್ಟಳು. ಒಂದು ಭರಣಿಗೆ ಗೊತ್ತಿದ್ದದ್ದು ನನಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಗ್ಯಾಸ್ ಹಚ್ಚಿದೆ. ಬಾಯ್ಲರ್ ಕೊಯ್ಯಲು ಐದು ದಿನ ಹಿಡಿಯಿತು, ನಮ್ಮ ಐದು ದಿನ. ಮೇಲಿನಿಂದ ಕೆಳಕ್ಕೆ, ಪಟ್ಟಿಪಟ್ಟಿಯಾಗಿ. ಕೊಯ್ಯುವಾಗ ಅದು ನರಳಿತು ಎಂದು ಹೇಳಿದರೆ ಕಥೆಗೆ ಚೆಂದ, ಆದರೆ ಅಂಥದ್ದೇನೂ ಆಗಲಿಲ್ಲ. ಕಬ್ಬಿಣ ಕೆಂಪಾಯಿತು, ಕರಗಿತು, ಬಿತ್ತು. ತಗಡುಗಳನ್ನು ಬಡಿದು ಚಪ್ಪಟೆ ಮಾಡಿ ಅಂಗಳದಲ್ಲಿ ಹಾಸಿದೆವು, ಕಾಲಿಗೆ ಸುಡದಿರಲೆಂದು ಮೇಲೆ ಜಮಖಾನ ಬಿಗಿದೆವು. ಒಳ್ಳೆಯ ನೆಲವಾಯಿತು. ಜನ ನನ್ನನ್ನು ಹೊಗಳಿದರು. ಕೆಲಸ ಚೊಕ್ಕವಾಗಿತ್ತು, ಅದು ನಿಜ. ನಲವತ್ತೊಂದರ ಮೇಲೆ ನಾನು ಗೋಡೆಗೆ ಗೆರೆ ಎಳೆದಿರಲಿಲ್ಲ.

ಎಷ್ಟು ದಿನ ಕಳೆದವೋ. ನೂರು ದಾಟಿರಬೇಕು. ಅಡಿವೆಪ್ಪನ ಮೇಲಿನ ಸಿಟ್ಟು ಮೊದಲು ಬೆಂಕಿಯಂತೆ ಇದ್ದದ್ದು ಆಮೇಲೆ ಬೂದಿಯಾಗಿ ಕುಳಿತಿತ್ತು. ಒಂದು ದಿನ ಉಣ್ಣಲು ಕುಳಿತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಅಡಿವೆಪ್ಪ. ಅದೇ ಅಂಗಿ, ಕೈಯಲ್ಲಿ ಸುಟ್ಟ ಹೊಸ ಗಾಯಗಳು, ಹೆಗಲಿನ ಚೀಲ ರಿವೆಟ್ಟಿನ ಭಾರಕ್ಕೆ ಜೋತುಬಿದ್ದಿತ್ತು. ಮುಖದಲ್ಲಿ ಒಂದು ಹಬ್ಬ.

"ಕಲ್ತು ಬಂದ್ನೋ ಮೌನ್ಯಾ! ಕೊನೇ ಮುದುಕ ಒಬ್ಬ ಉಳಿದಿದ್ದ, ಅವನ ಕೈಯಾಗ ಕಲ್ತ್ನಿ. ಬಿಸಿ ರಿವೆಟ್ ಹಾಕೂದು. ಕೀಲಿ ತಗೋ, ನಡಿ."

"ಈಗ ಬಂದ್ಯಾ?" ಎಂದೆ. "ನಲವತ್ತು ದಿನ ಅಂದು ಹೋದವ ಈಗ ಬಂದ್ಯಾ ಅಣ್ಣಾ?"

ಅವನು ನನ್ನ ಮುಖ ನೋಡಿ ನಕ್ಕ, ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡ. "ಮತ್ತ? ಇವತ್ತಿಗೆ ನಲವತ್ತು. ಮುಂಜಾನಿ ಕೋಳಿ ಕೂಗೂದಕ್ಕ ಬಸ್ಸು ಹತ್ತೀನಿ, ತಪ್ಪಬಾರದಂತ."

ನೀಲವ್ವ ಒಳಗೆ ಹೋದಳು. ತಾಟಿಗೆ ರೊಟ್ಟಿ ಹಾಕಿ, ಭರಣಿಯ ಬಟ್ಟೆ ಬಿಚ್ಚಿ, ಮೊದಲ ಹೋಳು ಬಡಿಸಿ ಅವನ ಮುಂದಿಟ್ಟಳು. ಮನೆ ತುಂಬ ಸಾಸಿವೆಯ ಘಾಟು. ಹೋಳು ಮೆತ್ತಗಾಗಿ ಕೆಂಪು ರಸದಲ್ಲಿ ಮುಳುಗಿತ್ತು. ಅವನು ರೊಟ್ಟಿ ಮುರಿದು ನಂಜಿಕೊಂಡು ಕಣ್ಣು ಮುಚ್ಚಿದ.

"ನೀಲವ್ವಾ, ಏನ್ ಕೈಯೇ ನಿಂದು! ನಲವತ್ತು ದಿನಕ್ಕ ಸರಿಯಾಗಿ ಕಳಿತೈತಿ ನೋಡು."

ನೀಲವ್ವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಕೋಳಿಗಳು, ಬಸ್ಸು, ಗಡ್ಡ, ಮೊಸರು ಎಲ್ಲ ಒಂದೊಂದಾಗಿ ಬಂದು ಎದುರಿಗೆ ಕುಳಿತವು. ಅವನು ಎರಡು ರೊಟ್ಟಿ ತಿಂದ. ಬಾಯ್ಲರಿನ ಯಾವ ಸಾಲಿಗೆ ಎಷ್ಟು ರಿವೆಟ್ಟು ಬೇಕು, ಯಾರು ಇಕ್ಕಳ ಹಿಡಿಯಬೇಕು, ಮೊದಲ ಪೆಟ್ಟು ಯಾವಾಗ, ಎಲ್ಲ ಹೇಳಿದ. ನಾನು ಕೀಲಿ ತೆಗೆದುಕೊಂಡು ಅವನ ಹಿಂದೆ ನಡೆದೆ. ಅಂಗಳಕ್ಕೆ ಈಗ ಬೀಗವೇ ಇರಲಿಲ್ಲ.

ಜನ ಕುಣಿಯುತ್ತಿದ್ದರು. ಅಡಿವೆಪ್ಪ ಬಾಗಿಲಲ್ಲಿ ನಿಂತು ಬಾಯ್ಲರಿಗಾಗಿ ಹುಡುಕಿದ, ದೊಡ್ಡದೊಂದು ದನ ಕಾಣದಾದಾಗ ಹುಡುಕುವ ಹಾಗೆ, ಮೊದಲು ಇದ್ದ ಜಾಗ, ಆಮೇಲೆ ಮೂಲೆಗಳು. ಓಡುತ್ತಿರುವ ಸೂರ್ಯನನ್ನು ನೋಡಿದ. ಗೋಡೆಯ ಮೇಲಿನ ನನ್ನ ಗೆರೆಗಳನ್ನು ನೋಡಿದ, ಬೆರಳಿಟ್ಟು ಎಣಿಸಿದ. ನಲವತ್ತೊಂದಕ್ಕೆ ನಿಂತಿತ್ತು. ಅವನಿಗೆ ಎಲ್ಲ ತಿಳಿಯಿತು ಎಂದು ಅವನ ಹೆಗಲು ಇಳಿದದ್ದರಲ್ಲೇ ಗೊತ್ತಾಯಿತು. ಚೀಲವನ್ನು ಸದ್ದಾಗದಂತೆ ಕೆಳಗಿಟ್ಟ. ಜಮಖಾನದ ಮೇಲೆ ಹೆಜ್ಜೆಯಿಟ್ಟವನು ತಟ್ಟನೆ ನಿಂತ. ಕಾಲಿಗೆ ರಿವೆಟ್ಟಿನ ಗಂಟು ಸಿಕ್ಕಿತ್ತು.

"ಯಾರು ಕೊಯ್ದದ್ದು?" ಎಂದ.

"ನಾನ ಅಣ್ಣಾ."

"ಚೊಕ್ಕ ಕೊಯ್ದಿ," ಎಂದ. ಅವನು ಬೈದಿದ್ದರೆ ನಾನು ಇವತ್ತು ಈ ಕಥೆ ಹೇಳುತ್ತಿರಲಿಲ್ಲವೇನೋ.

ದಸ್ತಗೀರ ಅವನನ್ನು ಕಂಡ. ಯಾರೂ ಹೇಳದೆಯೇ ಗುಂಡಿ ಒತ್ತಿ ನಿಲ್ಲಿಸಿದ. ಸೂರ್ಯ ನಿಂತ. ಕುಣಿಯುತ್ತಿದ್ದವರು ಎಡವಿ ನಿಂತರು. "ಕರೆಂಟ್ ಹೋತೇನ್ರಿ?" ಎಂದು ಯಾರೋ ನಕ್ಕರು, ಅಡಿವೆಪ್ಪನನ್ನು ನೋಡಿ ಸುಮ್ಮನಾದರು. ಅವನ ಬೆರಳು ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಒಂದು, ಎರಡು, ಮೂರು. ಎಣಿಸುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು, ದುರಗವ್ವನಿಗೂ ಗೊತ್ತಾಯಿತು. ಹಗುರಾದೆ ಎಂದಿದ್ದವಳು ಬೇವಿನ ಮರದ ಕಡೆ ನಾಲ್ಕು ಹೆಜ್ಜೆ ನಡೆದು, ತನ್ನ ಹಳೆಯ ಜಾಗದಲ್ಲಿ ಸೆರಗು ಹೊದ್ದು ನಿಂತಳು. ಆರು, ಏಳು, ಎಂಟು. ಚೀಲದಿಂದ ಸುತ್ತಿಗೆ ತೆಗೆದು ಅವನು ನನ್ನ ಕೈಗೆ ಕೊಟ್ಟ. ಒಂಬತ್ತು.

ನಾನು ಮೊಣಕಾಲೂರಿ ಎರಡು ಕೈಯಿಂದ ನೆಲಕ್ಕೆ ಬಡಿದೆ. ನನ್ನ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬಡಿದೆ. ಜಮಖಾನದ ಕೆಳಗೆ ತಗಡು ದಬ್ ಎಂದಿತು, ಹಾಸಿಗೆ ಕೊಡವಿದಷ್ಟು ಸದ್ದು. ತಲೆಯೆತ್ತಿ ಬೇವಿನ ನೆರಳು ನೋಡಿದೆ. ಸರಿಯಲಿಲ್ಲ. ಇನ್ನೊಮ್ಮೆ ಬಡಿದೆ, ಮತ್ತೊಮ್ಮೆ ಬಡಿದೆ. ನೆರಳು ಇದ್ದಲ್ಲೇ ಇತ್ತು. ಎಷ್ಟು ಸಲ ಬಡಿದೆನೋ, ಅಡಿವೆಪ್ಪ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡ.

"ಸಾಕು ಬಿಡು, ಮೌನ್ಯಾ," ಎಂದ. ಆಮೇಲೆ ದಸ್ತಗೀರನಿಗೆ, "ಹಾಕಪಾ. ಮಂದಿಗೆ ಸಂಜಿ ಆಗಬೇಕು, ಮಕ್ಕಳು ಸಾಲಿ ಬಿಟ್ಟು ಬರಬೇಕು." ದಸ್ತಗೀರ ಅಳುತ್ತಲೇ ಗುಂಡಿ ಒತ್ತಿದ. ಸೂರ್ಯ ಹೊರಟ. ಕುಣಿತ ಮೊದಲು ಅಂಜುತ್ತ, ಆಮೇಲೆ ಎಂದಿನಂತೆ ಶುರುವಾಯಿತು.

ಅವನನ್ನು ಬಸ್ಸಿಗೆ ಬಿಡಲು ಹೋದೆ. ಬಸ್ಸು ಬರುವುದರೊಳಗೆ ಎರಡು ಸಲ ಕತ್ತಲಾಗಿ ಬೆಳಕಾಯಿತು. ಅಷ್ಟು ಹೊತ್ತೂ ಅವನು ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಆ ಮುದುಕನ ಹತ್ತಿರ ಒಡೆದ ಹಂಡೆ ಕೊಪ್ಪರಿಗೆಗಳ ಕೆಲಸ ಬಹಳ ಇದೆ ಎಂದ, ಅಲ್ಲಿಗೇ ಹೋಗುತ್ತೇನೆ ಎಂದ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ನಾನು ಕೇಳಿದೆ: "ಮತ್ತ ಯಾವಾಗ ಬರ್ತಿ ಅಣ್ಣಾ?"

ಅವನು ತಿರುಗಿ ನೋಡಿದ. ತುಟಿಯ ಅಂಚಿನಲ್ಲಿ ಹಳೆಯ ಚೇಷ್ಟೆಯ ನಗು ಇತ್ತು, ಕಣ್ಣಿನಲ್ಲಿ ಇರಲಿಲ್ಲ. "ನಿನಗ ದಿನದ ಲೆಕ್ಕ ಹೇಳಾಂಗಿಲ್ಲಪಾ ಇನ್ನ. ನೀಲವ್ವಗ ಇನ್ನೊಂದು ಭರಣಿ ಹಾಕಾಕ ಹೇಳು. ಅದು ಕಳಿಯೂದ್ರಾಗ ಬರ್ತೀನಿ."

ಮಾವಿನಕಾಯಿ ಮುಗಿದಿತ್ತು, ನೀಲವ್ವ ನಿಂಬೆಕಾಯಿ ಹಾಕಿದಳು. ಉಪ್ಪು ಒಂದು ಹಿಡಿ ಹೆಚ್ಚೇ ಹಾಕಿ ನನ್ನ ಕಡೆ ನೋಡಿದಳು. ಬಿಳಿ ಬಟ್ಟೆಯನ್ನು ನಾನೇ ಕಟ್ಟಿದೆ. ಅಂಗಳದಲ್ಲಿ ಈಗಲೂ ಕುಣಿಯುತ್ತಾರೆ, ದುರಗವ್ವ ಒಂದು ದಿನ ಕುಣಿಯುತ್ತಾಳೆ, ಒಂದು ದಿನ ಬೇವಿನ ಕೆಳಗೆ ಸುಮ್ಮನೆ ನಿಂತು ಹೋಗುತ್ತಾಳೆ. ನಾನು ಬಸ್ಸು ಬಂದಾಗಲೆಲ್ಲ ಹೋಗಿ ನೋಡಿ ಬರುತ್ತೇನೆ.

ಆ ನಿಂಬೆಕಾಯಿ ಕಳಿತು ಎಷ್ಟೋ ಕಾಲವಾಯಿತು, ಭರಣಿ ತೆಗೆಯೋಣ ಎಂದು ನೀಲವ್ವ ಆಗಾಗ ಹೇಳುತ್ತಾಳೆ. ಮನೆಗೆಲ್ಲ ವಾಸನೆ ಬರುತ್ತಿದೆ ಎನ್ನುತ್ತಾಳೆ. ನನಗೇನೂ ಬರುತ್ತಿಲ್ಲ ಎನ್ನುತ್ತೇನೆ. ಬಟ್ಟೆ ಬಿಚ್ಚಲು ನಾನು ಬಿಟ್ಟಿಲ್ಲ. ಬಿಚ್ಚಿದರೆ ಅಡಿವೆಪ್ಪ ಮಾತು ತಪ್ಪಿದ ಹಾಗಾಗುತ್ತದೆ.